ಲಾಬ್‌ಸ್ಟರ್ ಮರಿಗಳಿಗೆ ಬೆಳಕು ಎಷ್ಟು, ಯಾವಾಗ? ನೀವೇ ಪರೀಕ್ಷಿಸಿ ನೋಡುವ ವಿಧಾನ

ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಮಂಗಳೂರಿನಲ್ಲಿ ಮೀನುಗಾರಿಕೆ ಪದವಿ ಮುಗಿಸಿ ಮುಂಬೈಯ ವರ್ಸೋವಾಕ್ಕೆ ಓದಲು ಬಂದವರು ಕೇಳುತ್ತಾರೆ. ಗೋವಾದಲ್ಲಿ ಸಣ್ಣದೊಂದು ಹ್ಯಾಚರಿ, ಅಂದರೆ ಮೊಟ್ಟೆ ಒಡೆಸಿ ಮರಿ ಸಾಕುವ ಕೇಂದ್ರ, ಹಾಕುವ ಯೋಚನೆಯಲ್ಲಿರುವ ನಮ್ಮ ಕಾರವಾರ, ಅಂಕೋಲಾ ಕಡೆಯವರೂ ಕೇಳುತ್ತಾರೆ. "ಅಕ್ಕಾ, ಮರಿಗಳಿಗೆ ಲೈಟ್ ಎಷ್ಟು ಹೊತ್ತು ಇಡ್ಬೇಕು? ಕತ್ತಲಲ್ಲಿ ಇಟ್ರೆ ಬೇಗ ಪೊರೆ ಬಿಡ್ತಾವಂತೆ, ಹೌದಾ?"

ಚಿಕ್ಕ ಉತ್ತರ ಬೇಕಾದವರಿಗೆ: ಜೋರು ಬೆಳಕು ಬೇಡ. ಮಂದ ಬೆಳಕು ಸಾಕು. 12 ಗಂಟೆ ಬೆಳಕು, 12 ಗಂಟೆ ಕತ್ತಲು ಇಟ್ಟು ಶುರು ಮಾಡಿ. ದೀಪ ದಿನಾ ಒಂದೇ ಹೊತ್ತಿಗೆ ಹತ್ತಬೇಕು, ಒಂದೇ ಹೊತ್ತಿಗೆ ಆರಬೇಕು. ಎಷ್ಟು ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಅನ್ನುವುದಕ್ಕಿಂತ ಈ ಕ್ರಮ ತಪ್ಪದಿರುವುದೇ ಮುಖ್ಯ ಅಂತ ನನ್ನ ಅಭಿಪ್ರಾಯ.

ಉದ್ದದ ಉತ್ತರಕ್ಕೆ ಪ್ರಯೋಗ ಮಾಡಲೇಬೇಕು. ಯಾಕೆಂದರೆ ಜಾತಿ ಬದಲಾದರೆ, ಮರಿಯ ವಯಸ್ಸು ಬದಲಾದರೆ ಉತ್ತರವೂ ಬದಲಾಗುತ್ತದೆ. ಇನ್ನೊಂದು ಮಾತು. "ಬೆಳಕಿನಿಂದ ಹೀಗಾಯಿತು" ಅಂತ ನನಗೆ ತೋರಿಸುವ ಫಲಿತಾಂಶಗಳಲ್ಲಿ ಬಹಳಷ್ಟು ಬೆಳಕಿನಿಂದ ಆದದ್ದಲ್ಲ. ದೀಪದ ಬಿಸಿ ಅಥವಾ ಆಹಾರ ಒಂದೇ ಕಡೆ ಸೇರಿದ್ದು ಕಾರಣವಾಗಿರುತ್ತದೆ. ಅದಕ್ಕೇ ಈ ಬರಹದ ಹೆಚ್ಚಿನ ಭಾಗ ಬೆಳಕನ್ನು ಅದರ ಜೊತೆ ಬರುವ ಉಳಿದೆಲ್ಲದರಿಂದ ಬೇರ್ಪಡಿಸುವುದು ಹೇಗೆ ಅನ್ನುವುದರ ಬಗ್ಗೆಯೇ ಇದೆ.

ಮೊದಲು ಗೊತ್ತಿರಬೇಕಾದ್ದು

ಮೊಟ್ಟೆಯಿಂದ ಹೊರಬಂದ ಮರಿ ಲಾಬ್‌ಸ್ಟರ್ ತರಹ ಕಾಣುವುದೇ ಇಲ್ಲ. ಗಾಜಿನ ಜೇಡವೊಂದನ್ನು ಚಪ್ಪಟೆಯಾಗಿ ಒತ್ತಿದಂತಿರುತ್ತದೆ. ಈ ಹಂತದ ಹೆಸರು ಫಿಲ್ಲೋಸೋಮಾ. ದೇಹ ತೆಳು, ಪೂರ್ತಿ ಪಾರದರ್ಶಕ, ಕಾಲುಗಳು ಮಾತ್ರ ಉದ್ದ. ಮುಳ್ಳು ಲಾಬ್‌ಸ್ಟರ್‌ಗಳಲ್ಲಿ, ಅಂದರೆ ಪ್ಯಾನ್ಯುಲೈರಸ್ ಕುಲದಲ್ಲಿ, ಈ ಹಂತ ತಿಂಗಳುಗಟ್ಟಲೆ ನಡೆಯುತ್ತದೆ. ಜಪಾನಿನವರು 1980ರ ದಶಕದ ಕೊನೆಯಲ್ಲಿ ಪ್ಯಾನ್ಯುಲೈರಸ್ ಜಪೋನಿಕಸ್ ಮರಿಯನ್ನು ಮೊಟ್ಟೆಯಿಂದ ಕೊನೆಯ ಹಂತದವರೆಗೆ ಮೊದಲ ಬಾರಿ ಸಾಕಿದಾಗ ಸುಮಾರು ಒಂದು ವರ್ಷವೇ ಹಿಡಿದಿತ್ತು. ಚಪ್ಪಟೆ ಲಾಬ್‌ಸ್ಟರ್‌ನದು ಬೇರೆ ಕಥೆ. ನಮ್ಮ ಕರಾವಳಿಯ ಥೀನಸ್‌ಗೆ ಫಿಲ್ಲೋಸೋಮಾ ಹಂತಗಳು ನಾಲ್ಕೇ. ಸಿಎಂಎಫ್‌ಆರ್‌ಐ, ಅಂದರೆ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಚೆನ್ನೈ ಹತ್ತಿರದ ಕೋವಳಂ ಪ್ರಯೋಗಾಲಯದಲ್ಲಿ ಅದನ್ನು 26 ದಿನಗಳಲ್ಲಿ ಮುಂದಿನ ಹಂತಕ್ಕೆ, ಅಂದರೆ ನಿಸ್ಟೋಗೆ, ತಂದಿದ್ದಾರೆ. ನಿಸ್ಟೋ ಅಂದರೆ ದೊಡ್ಡ ಲಾಬ್‌ಸ್ಟರ್‌ನ ಆಕಾರ ಬಂದು ತಳಕ್ಕೆ ಇಳಿಯಲು ಸಿದ್ಧವಾದ ಮರಿ. ಮುಳ್ಳು ಲಾಬ್‌ಸ್ಟರ್‌ನಲ್ಲಿ ಇದೇ ಹಂತಕ್ಕೆ ಪ್ಯೂರುಲಸ್ ಅನ್ನುತ್ತಾರೆ.

ಪೊರೆ ಕಳಚದೆ ಮರಿ ಬೆಳೆಯುವುದಿಲ್ಲ. ಹೊರಚಿಪ್ಪು ಹಿಗ್ಗುವುದಿಲ್ಲವಲ್ಲ. ಪೊರೆ ಕಳಚಲು ಎಕ್ಡಿಸ್ಟಿರಾಯ್ಡ್ ಅನ್ನುವ ಹಾರ್ಮೋನು ಬೇಕು. ಅದು ವೈ-ಅಂಗ ಅನ್ನುವ ಗ್ರಂಥಿಯಿಂದ ಬರುತ್ತದೆ. ಅದನ್ನು ತಡೆದು ಹಿಡಿಯುವ ಇನ್ನೊಂದು ಹಾರ್ಮೋನು ಇರುವುದು ಕಣ್ಣಿನ ಕಾಂಡದಲ್ಲಿ, ಅಂದರೆ ಕಣ್ಣನ್ನು ಹೊತ್ತ ಕಡ್ಡಿಯಂಥ ಭಾಗದಲ್ಲಿ. ಬೆಳಕನ್ನು ನೋಡುವ ಅಂಗವೂ ಪೊರೆಗೆ ತಡೆ ಹಾಕುವ ಅಂಗವೂ ಒಂದೇ ಕಾಂಡದ ಮೇಲಿವೆ. ಬೆಳಕಿಗೂ ಪೊರೆಗೂ ಸಂಬಂಧ ಇರಬಹುದು ಅಂತ ಅನ್ನಿಸುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ಸಮುದ್ರದಲ್ಲಿದೆ. ಫಿಲ್ಲೋಸೋಮಾಗಳು ರಾತ್ರಿ ಮೇಲೆ ಬರುತ್ತವೆ, ಹಗಲು ಕೆಳಗಿಳಿಯುತ್ತವೆ. ಪಶ್ಚಿಮ ಆಸ್ಟ್ರೇಲಿಯಾದ ಪ್ಯಾನ್ಯುಲೈರಸ್ ಸಿಗ್ನಸ್ ಬಗ್ಗೆ ಇದನ್ನು 1970ರ ದಶಕದಲ್ಲೇ ಬಲೆ ಎಳೆದು ತೋರಿಸಿದ್ದಾರೆ. ದೊಡ್ಡ ಮರಿಗಳಂತೂ ಹುಣ್ಣಿಮೆಯ ಬೆಳಕಿದ್ದರೂ ಮೇಲ್ಮೈಗೆ ಬರಲು ಹಿಂದೇಟು ಹಾಕುತ್ತವೆ. ಹುಣ್ಣಿಮೆ ಚಂದ್ರನ ಬೆಳಕು ಅಂದರೆ ಅರ್ಧ ಲಕ್ಸ್ ಕೂಡ ಇಲ್ಲ. ಇಂಥ ಜೀವಿಯನ್ನು ನಾವು 500 ಲಕ್ಸ್ ಟ್ಯೂಬ್‌ಲೈಟ್ ಕೆಳಗೆ ಇಟ್ಟು, "ಯಾಕೋ ಸಾಯ್ತಾ ಇವೆ" ಅನ್ನುತ್ತೇವೆ.

ಒಂದು ಎಚ್ಚರಿಕೆ. ಹುಡುಕಿದರೆ ಮೊದಲು ಸಿಗುವುದು ಹೋಮರಸ್, ಅಂದರೆ ಅಮೆರಿಕ ಮತ್ತು ಯುರೋಪಿನ ದೊಡ್ಡ ಕೊಂಡಿಯ ಲಾಬ್‌ಸ್ಟರ್ ಬಗೆಗಿನ ಬರಹಗಳು. ಅದರ ಮರಿ ಫಿಲ್ಲೋಸೋಮಾ ಅಲ್ಲ. ಅದಕ್ಕೆ ಮೂರೇ ಮರಿ ಹಂತ, ಅದರ ನೀರೂ ತಣ್ಣಗಿನದು. ಅಲ್ಲಿನ ಅಂಕಿಗಳನ್ನು ತಂದು ಮುಂಬೈ ನೀರಿಗೆ ಹಾಕಬೇಡಿ.

ಏನೇನು ಬೇಕು

ದುಬಾರಿ ಸಾಮಾನು ಜಾಸ್ತಿ ಬೇಡ. ಲಕ್ಸ್ ಮೀಟರ್ ಒಂದು ಬೇಕೇ ಬೇಕು. ಫೋನ್ ಆ್ಯಪ್ ಸಾಲದು, ಎರಡು ಫೋನ್ ಪಕ್ಕಪಕ್ಕ ಇಟ್ಟು ನೋಡಿದರೆ ಯಾಕೆ ಅಂತ ತಿಳಿಯುತ್ತದೆ. ಮಂದ ಎಲ್‌ಇಡಿ ಬಲ್ಬುಗಳು ಬೇಕು. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ, ಮುಂಬೈಯಲ್ಲಾದರೆ ಲೋಹಾರ್ ಚಾಳ್‌ನಲ್ಲಿ ಸುಲಭವಾಗಿ ಸಿಗುತ್ತದೆ. ಬ್ಯಾಟರಿ ಇಲ್ಲದ ಟೈಮರ್ ಬೇಡ. ಮಳೆಗಾಲದಲ್ಲಿ ಕರೆಂಟ್ ಒಮ್ಮೆ ಹೋಗಿ ಬಂದರೆ ಅದರ ಗಡಿಯಾರ ಹಿಂದೆ ಬೀಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಇದರ ಜೊತೆ ಮುಚ್ಚಳವಿರುವ ದೊಡ್ಡ ಪೆಟ್ಟಿಗೆಗಳು, ಒಳಗೆ ಬಳಿಯಲು ಮಂಕು ಕಪ್ಪು ಬಣ್ಣ, ಕನಿಷ್ಠ-ಗರಿಷ್ಠ ಥರ್ಮಾಮೀಟರ್, 250 ಮಿಲಿ ಗಾಜಿನ ಲೋಟಗಳು, ಅಗಲ ಬಾಯಿಯ ಡ್ರಾಪರ್, ಸ್ಟಿರಿಯೋ ಮೈಕ್ರೋಸ್ಕೋಪ್, ಕೆಂಪು ಟಾರ್ಚ್.

ಡ್ರಾಪರ್ ಬಾಯಿ ಅಗಲ ಇರಲಿ ಅಂದದ್ದು ಸುಮ್ನೆ ಅಲ್ಲ. ಕಿರಿದಾದರೆ ಮರಿಯ ಕಾಲು ಮುರಿಯುತ್ತದೆ. ಕಾಲು ಕಳೆದುಕೊಂಡ ಮರಿ ಸರಿಯಾಗಿ ತಿನ್ನುವುದಿಲ್ಲ, ಪೊರೆ ತಡವಾಗುತ್ತದೆ. ಆಮೇಲೆ ಆ ತಪ್ಪು ಬೆಳಕಿನ ತಲೆಗೆ ಬರುತ್ತದೆ.

1. ಯಾವ ಮರಿ, ಎಲ್ಲಿಂದ

ಮುಂಬೈ ಕಡೆ ಹೆಚ್ಚು ಸಿಗುವುದು ಪ್ಯಾನ್ಯುಲೈರಸ್ ಪಾಲಿಫ್ಯಾಗಸ್. ಕೋಳಿವಾಡದವರು, ಅಂದರೆ ಅಲ್ಲಿನ ಮೀನುಗಾರರ ಕೇರಿಯವರು, ಇದನ್ನು ಶೇವಂಡ ಅನ್ನುತ್ತಾರೆ. ಥೀನಸ್ ಸಿಕ್ಕರೆ ಪ್ರಯೋಗಕ್ಕೆ ಅದು ಮೇಲು, ಯಾಕೆಂದರೆ ಒಂದು ತಿಂಗಳೊಳಗೆ ಎಲ್ಲ ಹಂತಗಳನ್ನೂ ನೋಡಬಹುದು. ಆದರೆ ಮುಂಬೈ ಟ್ರಾಲರ್‌ಗಳಿಗೆ ಒಂದು ಕಾಲದಲ್ಲಿ ಧಾರಾಳವಾಗಿ ಬೀಳುತ್ತಿದ್ದ ಥೀನಸ್ 1990ರ ದಶಕದ ಮಧ್ಯದ ಹೊತ್ತಿಗೆ ಇಲ್ಲವೆನ್ನುವಷ್ಟು ಕಡಿಮೆಯಾಯಿತು. ಮೊಟ್ಟೆ ಹೊತ್ತ ಹೆಣ್ಣುಗಳನ್ನೂ ಬಿಡದೆ ಹಿಡಿದದ್ದು ಅದಕ್ಕೆ ದೊಡ್ಡ ಕಾರಣ. ಹಳೆಯ ಬರಹಗಳಲ್ಲಿ ನಮ್ಮ ಥೀನಸ್‌ಗೆ ಓರಿಯೆಂಟಾಲಿಸ್ ಅಂತ ಹೆಸರಿರುತ್ತದೆ, ಈಗ ಯುನಿಮ್ಯಾಕ್ಯುಲೇಟಸ್ ಅನ್ನುತ್ತಾರೆ. ಹುಡುಕುವಾಗ ಎರಡೂ ಹೆಸರು ಹಾಕಿ.

ಮೊಟ್ಟೆ ಹೊತ್ತ ಹೆಣ್ಣನ್ನು ಸಂಸ್ಥೆಯ ಮೂಲಕ, ಅನುಮತಿ ಪಡೆದೇ ತರಿಸಿ. ಬಂದರಿನಲ್ಲಿ ಸಿಕ್ಕಿತು ಅಂತ ಕೊಳ್ಳಬೇಡಿ. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆ ಎರಡು ತಿಂಗಳಿಗೆ ಪ್ರಯೋಗ ಇಟ್ಟುಕೊಂಡರೆ ತಾಯಿಯೇ ಸಿಗುವುದಿಲ್ಲ.

ಮೊಟ್ಟೆಯ ಬಣ್ಣ ನೋಡಿ. ಕಿತ್ತಳೆ ಬಣ್ಣವಿದ್ದರೆ ಇನ್ನೂ ದಿನಗಳಿವೆ. ಕಂದು ಬಣ್ಣಕ್ಕೆ ತಿರುಗಿ, ಒಳಗೆ ಮರಿಯ ಕಪ್ಪು ಕಣ್ಣು ಕಂಡರೆ ಹತ್ತಿರ ಬಂದಿದೆ. ತಾಯಿಯನ್ನು ಆಗಿನಿಂದಲೇ ಪ್ರತ್ಯೇಕ ತೊಟ್ಟಿಯಲ್ಲಿ 12:12 ಬೆಳಕಿನಲ್ಲಿಡಿ. ಮೊಟ್ಟೆಯೊಳಗಿನ ಮರಿಗೂ ಕಣ್ಣಿದೆ, ಅದು ಆಗಲೇ ಯಾವುದೋ ಲಯಕ್ಕೆ ಒಗ್ಗಿಕೊಂಡಿರಬಹುದು. ಆದ್ದರಿಂದ ಎಲ್ಲ ಮರಿಗಳ ಹಿನ್ನೆಲೆ ಒಂದೇ ಆಗಿರಲಿ.

ಒಂದೇ ತಾಯಿಯ ಮರಿಗಳಲ್ಲಿ ಮಾತ್ರ ಪ್ರಯೋಗ ಮಾಡಿದರೆ ಅದು ಆ ತಾಯಿಯ ಕಥೆ ಅಷ್ಟೇ. ಕನಿಷ್ಠ ಮೂರು ತಾಯಂದಿರ ಮರಿಗಳನ್ನು ಬೇರೆ ಬೇರೆ ಸುತ್ತುಗಳಲ್ಲಿ ಬಳಸಿ.

2. ಗಟ್ಟಿ ಮರಿಗಳನ್ನು ಆರಿಸುವುದು

ಇಲ್ಲಿ ಬೆಳಕು ನಿಮಗೆ ಸಹಾಯ ಮಾಡುತ್ತದೆ. ಈಗಷ್ಟೇ ಹುಟ್ಟಿದ ಫಿಲ್ಲೋಸೋಮಾ ಬೆಳಕಿನ ಕಡೆಗೆ ಈಜುತ್ತದೆ. ನೀರಿಗೆ ಪಂಪಿನಿಂದ ಗಾಳಿ ಬಿಡುವುದನ್ನು ನಿಲ್ಲಿಸಿ, ತೊಟ್ಟಿಯ ಒಂದು ಮೂಲೆಗೆ ಸಣ್ಣ ದೀಪ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಚುರುಕಾದವು ಅಲ್ಲಿ ಸೇರುತ್ತವೆ. ಸೋತವು ತಳದಲ್ಲೇ ಇರುತ್ತವೆ. ಮೇಲಿನವನ್ನು ಬೀಕರ್‌ನಲ್ಲಿ ನೀರಿನ ಸಮೇತ ಎತ್ತಿ. ಬಲೆಯಿಂದ ಎತ್ತಬೇಡಿ.

ಹೆಚ್ಚು ಹೊತ್ತು ದೀಪ ಹಿಡಿಯಬೇಡಿ. ಗುಂಪು ಸೇರಿದ ಮರಿಗಳ ಉದ್ದ ಕಾಲುಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಬಿಡಿಸಲು ಹೋದರೆ ಕಾಲು ಕಳಚಿ ಬರುತ್ತದೆ.

3. ಬೆಳಕಿನ ಪೆಟ್ಟಿಗೆ

ಕೋಣೆಯ ದೀಪ ನಂಬಬೇಡಿ. ಯಾರೋ ಒಬ್ಬರು ರಾತ್ರಿ ಬಂದು ಸ್ವಿಚ್ ಹಾಕಿಯೇ ಹಾಕುತ್ತಾರೆ. ಪ್ರತಿಯೊಂದು ಪೆಟ್ಟಿಗೆಯ ಒಳಗೆ ಅದರದೇ ದೀಪ, ಅದರದೇ ಟೈಮರ್ ಇರಲಿ. ಒಳಗೋಡೆಗೆ ಕಪ್ಪು ಬಣ್ಣ. ಲೋಟಗಳ ಕೆಳಗೂ ಕಪ್ಪು ಹಾಳೆ ಹಾಕಿ, ಪಾರದರ್ಶಕ ಮರಿ ಕಾಣುವುದು ಕಪ್ಪು ಹಿನ್ನೆಲೆಯಲ್ಲೇ.

ಬೆಳಕು ಸೋರುತ್ತಿದೆಯಾ ಅಂತ ನೋಡುವ ಕ್ರಮ ಹೀಗೆ. ಕೋಣೆಯ ದೀಪ ಹಾಕಿ. ಪೆಟ್ಟಿಗೆಯೊಳಗೆ ಫೋನ್ ಇಟ್ಟು, ಕ್ಯಾಮೆರಾ ವಿಡಿಯೋ ಆನ್ ಮಾಡಿ, ಮುಚ್ಚಳ ಹಾಕಿ. ಐದು ನಿಮಿಷ ಬಿಟ್ಟು ವಿಡಿಯೋ ನೋಡಿ. ಗಾಳಿ ಪೈಪು ಒಳಗೆ ಹೋಗುವ ತೂತು, ಮುಚ್ಚಳದ ಅಂಚು, ಏರ್ ಪಂಪಿನ ಪುಟ್ಟ ಹಸಿರು ದೀಪ, ಎಸಿಯ ಸೂಚಕ, ಎಲ್ಲವೂ ಅಲ್ಲಿ ಕಾಣುತ್ತವೆ. ಅಂಟು ಟೇಪು ಹಾಕಿ ಮುಚ್ಚಿ, ಮತ್ತೆ ವಿಡಿಯೋ ಮಾಡಿ.

ಈಗ ಬಿಸಿಯ ವಿಷಯ. ದೀಪ ಇರುವ ಪೆಟ್ಟಿಗೆ ದೀಪ ಇಲ್ಲದ ಪೆಟ್ಟಿಗೆಗಿಂತ ಬಿಸಿಯಾಗುತ್ತದೆ. ಬಿಸಿ ಹೆಚ್ಚಾದರೆ ಮರಿ ಬೇಗ ಪೊರೆ ಬಿಡುತ್ತದೆ. ನೀವು ಅದನ್ನು ಬೆಳಕಿನ ಗುಣ ಅಂತ ಬರೆದುಕೊಳ್ಳುತ್ತೀರಿ. ಪರಿಹಾರ ಕಷ್ಟವೇನಲ್ಲ. ಕತ್ತಲ ಪೆಟ್ಟಿಗೆಯೊಳಗೂ ಅದೇ ಎಲ್‌ಇಡಿ ಬಲ್ಬು ಹಾಕಿ, ಅದನ್ನು ಬೆಳಕು ಹೊರಬಾರದಂತೆ ಲೋಹದ ಡಬ್ಬಿಯಲ್ಲಿ ಮುಚ್ಚಿಡಿ. ಬಿಸಿ ಬರುತ್ತದೆ, ಬೆಳಕು ಬರುವುದಿಲ್ಲ. ಪ್ರತಿ ಪೆಟ್ಟಿಗೆಯ ಒಂದು ಲೋಟದಲ್ಲಿ ಥರ್ಮಾಮೀಟರ್ ಇಟ್ಟು ದಿನಾ ಕನಿಷ್ಠ, ಗರಿಷ್ಠ ಬರೆದುಕೊಳ್ಳಿ. ಪೆಟ್ಟಿಗೆಗಳ ನಡುವೆ ಒಂದು ಡಿಗ್ರಿ ವ್ಯತ್ಯಾಸ ಇದ್ದರೂ ಆ ಫಲಿತಾಂಶವನ್ನು ನಾನು ನಂಬುವುದಿಲ್ಲ.

4. ಬೆಳಕು ಅಳೆಯುವುದು

ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ಅಂದಾಜಿಗೆ ಹೇಳುವುದಾದರೆ, ನೇರ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ, ಟ್ಯೂಬ್‌ಲೈಟ್ ಇರುವ ಕೋಣೆ 200ರಿಂದ 500. ಮೀಟರನ್ನು ಲೋಟ ಇಡುವ ಜಾಗದಲ್ಲೇ, ನೀರಿನ ಮಟ್ಟದಲ್ಲಿ ಹಿಡಿದು ಅಳೆಯಿರಿ. ಪೆಟ್ಟಿಗೆಯ ನಾಲ್ಕು ಮೂಲೆ ಮತ್ತು ನಡುಭಾಗ, ಐದು ಕಡೆ. ಮೂಲೆಗೂ ನಡುವಿಗೂ ದೊಡ್ಡ ಅಂತರ ಇದ್ದರೆ ದೀಪದ ಕೆಳಗೆ ಬಿಳಿ ಬಟ್ಟೆ ಕಟ್ಟಿ ಬೆಳಕನ್ನು ಹರಡಿ.

ಬೆಳಕು ಕಡಿಮೆ ಮಾಡಲು ಅಗ್ಗದ ಡಿಮ್ಮರ್ ಬಳಸಬೇಡಿ. ಬಹಳಷ್ಟು ಡಿಮ್ಮರ್‌ಗಳು ದೀಪವನ್ನು ವೇಗವಾಗಿ ಹತ್ತಿಸಿ ಆರಿಸಿ ಮಂದ ಮಾಡುತ್ತವೆ. ನಮ್ಮ ಕಣ್ಣಿಗೆ ಅದು ಕಾಣುವುದಿಲ್ಲ ಅಂದ ಮಾತ್ರಕ್ಕೆ ಮರಿಯ ಕಣ್ಣಿಗೂ ಕಾಣುವುದಿಲ್ಲ ಅನ್ನಲಾಗದು. ತೆಳು ಬಿಳಿ ಬಟ್ಟೆಯ ಒಂದು ಪದರ, ಎರಡು ಪದರ, ನಾಲ್ಕು ಪದರ ಹೀಗೆ ಹಾಕುತ್ತಾ ಅಳೆದುಕೊಳ್ಳಿ. ಅಷ್ಟೇ ಸಾಕು.

5. ಯಾವ ಯಾವ ಬೆಳಕು ಹೋಲಿಸುವುದು

ಎಲ್ಲವನ್ನೂ ಒಂದೇ ಸಲ ಪರೀಕ್ಷಿಸುವ ಆಸೆ ಎಲ್ಲರಿಗೂ ಇರುತ್ತದೆ. ಬೆಳಕಿನ ಅವಧಿ, ಪ್ರಖರತೆ, ಬಣ್ಣ ಮೂರೂ ಸೇರಿಸಿದರೆ ಪೆಟ್ಟಿಗೆಗಳೂ ಸಾಲವು, ನಿಮ್ಮ ನಿದ್ದೆಯೂ ಸಾಲದು. ಮೊದಲು ಅವಧಿ ಮಾತ್ರ ನೋಡಿ. ಇಡೀ ದಿನ ಬೆಳಕು, 12:12, ಇಡೀ ದಿನ ಕತ್ತಲು. ಮೂರಕ್ಕೂ ಬೆಳಕು ಇರುವಾಗ ಅದೇ ಪ್ರಖರತೆ, ಹೇಳೋಣ 20 ಲಕ್ಸ್.

ನಾಲ್ಕನೆಯದೊಂದನ್ನು ಸೇರಿಸಲು ಒತ್ತಾಯ ಮಾಡುತ್ತೇನೆ: ತಿರುಗುಮುರುಗು 12:12. ಒಂದು ಪೆಟ್ಟಿಗೆಯಲ್ಲಿ ಬೆಳಿಗ್ಗೆ 6ಕ್ಕೆ ದೀಪ ಹತ್ತಿದರೆ, ಇದರಲ್ಲಿ ಸಂಜೆ 6ಕ್ಕೆ ಹತ್ತಬೇಕು. ಇದರ ಉಪಯೋಗ ಮುಂದೆ ಹೇಳುತ್ತೇನೆ.

ಕಿಟಕಿಯ ಬೆಳಕನ್ನು "ಸಹಜ ಬೆಳಕು" ಅಂತ ಸೇರಿಸುವವರಿದ್ದಾರೆ. ಮುಂಬೈಯಲ್ಲಿ ಹಗಲು ಡಿಸೆಂಬರ್‌ನಲ್ಲಿ 11 ಗಂಟೆ, ಜೂನ್‌ನಲ್ಲಿ 13 ಗಂಟೆಗೆ ಸ್ವಲ್ಪ ಮೇಲೆ. ಮೋಡ ಕವಿದ ದಿನ ಬೇರೆ, ಬಿಸಿಲಿನ ದಿನ ಬೇರೆ. ರಾತ್ರಿ ಬೀದಿದೀಪ. ಇದರಲ್ಲಿ ಸಹಜ ಅನ್ನುವುದು ಏನು ಉಳಿಯಿತು?

ಪ್ರತಿ ಬೆಳಕಿನ ಕ್ರಮಕ್ಕೂ ಮೂರು ಪ್ರತ್ಯೇಕ ಪೆಟ್ಟಿಗೆ ಬೇಕು. ಒಂದೇ ಪೆಟ್ಟಿಗೆಯಲ್ಲಿ 30 ಲೋಟ ಇಟ್ಟು "30 ಮರಿ ಪರೀಕ್ಷಿಸಿದೆ" ಅನ್ನುವುದು ಅತಿ ಸಾಮಾನ್ಯ ತಪ್ಪು. ಆ ಪೆಟ್ಟಿಗೆಯಲ್ಲಿ ಬೇರೇನಾದರೂ ವ್ಯತ್ಯಾಸವಿದ್ದರೆ 30 ಮರಿಗಳೂ ಒಟ್ಟಿಗೇ ಅದನ್ನೇ ಹೇಳುತ್ತವೆ. ಲೆಕ್ಕದಲ್ಲಿ ನಿಮ್ಮ ಎಣಿಕೆಯ ಘಟಕ ಪೆಟ್ಟಿಗೆ, ಮರಿ ಅಲ್ಲ. ಪೆಟ್ಟಿಗೆಗೆ 10 ಲೋಟ, ಲೋಟಕ್ಕೆ ಒಂದೇ ಮರಿ.

6. ನೀರು

ಇದನ್ನು ಬೇಗ ಮುಗಿಸುತ್ತೇನೆ. ಉಪ್ಪಿನಂಶ ಸಾವಿರಕ್ಕೆ 33ರಿಂದ 35, ಉಷ್ಣತೆ 26ರಿಂದ 28 ಡಿಗ್ರಿ. ಒಂದು ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಯುವಿ (ಅತಿನೇರಳೆ) ಬೆಳಕು ಹಾಯಿಸಿದ ನೀರು. ಮಳೆಗಾಲದಲ್ಲಿ ಕೊಲ್ಲಿಯ ನೀರು ಸಪ್ಪೆಯಾಗಿ ಕೆಸರಾಗಿರುತ್ತದೆ, ಮೊದಲೇ ಸಂಗ್ರಹಿಸಿಟ್ಟುಕೊಳ್ಳಿ. ದಿನಾ ನೀರು ಬದಲಿಸಿ. ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾ ಫಿಲ್ಲೋಸೋಮಾಗೆ ದೊಡ್ಡ ಶತ್ರು, ಅದು ಬಂದರೆ ಯಾವ ಬೆಳಕೂ ಕಾಪಾಡುವುದಿಲ್ಲ. ಹಸಿರು ಪಾಚಿ ನೀರು ಬಳಸುವವರು ಪ್ರಯೋಗದಲ್ಲಿ ಅದನ್ನು ಬಿಡಿ. ಪಾಚಿ ಬೆಳಕನ್ನು ನುಂಗುತ್ತದೆ. ಬೆಳಕಿದ್ದ ಕಡೆ ತಾನೂ ಬೆಳೆಯುತ್ತದೆ. ಆಗ ನೀರೇ ಬೇರೆಯಾಗುತ್ತದೆ.

7. ಆಹಾರ

ಹೆಚ್ಚಿನ ಪ್ರಯೋಗಗಳು ಹಾಳಾಗುವುದು ಇಲ್ಲಿ. ಮರಿಗೆ ಕೊಡುವ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟಾಣಿ ಜೀವಿ, ಅದೂ ಬೆಳಕಿನ ಕಡೆಗೇ ಓಡುತ್ತದೆ. ದೀಪ ಒಂದು ಬದಿಯಲ್ಲಿದ್ದರೆ ಆಹಾರವೆಲ್ಲ ಆ ಬದಿಗೆ. ಮರಿ ಇನ್ನೊಂದು ಬದಿಯಲ್ಲಿದ್ದರೆ ಅದಕ್ಕೆ ಉಪವಾಸ. ಎರಡೂ ಒಂದೇ ಬದಿಗೆ ಬಂದರೆ ಊಟ ಜೋರು. ಕತ್ತಲ ಪೆಟ್ಟಿಗೆಯಲ್ಲಿ ಆರ್ಟೀಮಿಯಾ ಲೋಟದ ತುಂಬ ಹರಡಿರುತ್ತದೆ. ಈಗ ಹೇಳಿ, ಬೆಳವಣಿಗೆಯ ವ್ಯತ್ಯಾಸ ಬೆಳಕಿನದೋ ಊಟದ್ದೋ?

ಫಿಲ್ಲೋಸೋಮಾ ಕಣ್ಣಿನಿಂದ ನೋಡಿ ಬೇಟೆಯಾಡುವುದಿಲ್ಲ. ಕಾಲಿಗೆ ತಗುಲಿದ್ದನ್ನು ಹಿಡಿಯುತ್ತದೆ. ಕತ್ತಲಲ್ಲೂ ತಿನ್ನುತ್ತದೆ. ಆದ್ದರಿಂದ "ತಿನ್ನಲು ಬೆಳಕು ಬೇಕಲ್ವಾ?" ಅನ್ನುವ ಪ್ರಶ್ನೆಗೆ ಉತ್ತರ, ಬೇಡ. ಅದರ ಕಾಲಿಗೆ ಆಹಾರ ತಗುಲುವಂತಿರಬೇಕು.

ದೀಪವನ್ನು ನೇರ ಮೇಲೆ, ಬಟ್ಟೆಯ ಹಿಂದೆ ಇಡಿ. ಬದಿಯಿಂದ ಬೇಡ. ಆರ್ಟೀಮಿಯಾ ಪ್ರಮಾಣವನ್ನು ಧಾರಾಳವಾಗಿ ಇಡಿ, ಯಾವ ಲೋಟದಲ್ಲೂ ಅದು ಖಾಲಿಯಾಗಬಾರದು. ಮರುದಿನ ಉಳಿದದ್ದನ್ನು ಎಣಿಸಿ ಬರೆಯಿರಿ. ಜೊತೆಗೆ ಸಣ್ಣಗೆ ಹೆಚ್ಚಿದ ಕಪ್ಪೆಚಿಪ್ಪಿನ ಮಾಂಸ ಕೊಡುವುದಾದರೆ ಎಲ್ಲ ಪೆಟ್ಟಿಗೆಗೂ ಒಂದೇ ತೂಕ. ಅದು ಎಲ್ಲಿ ಹಾಕಿದರೂ ಅಲ್ಲೇ ಇರುತ್ತದೆ, ಬೆಳಕಿಗೆ ಓಡುವುದಿಲ್ಲ. ಈ ಒಂದು ಗುಣಕ್ಕಾಗಿಯೇ ಪ್ರಯೋಗಕ್ಕೆ ನನಗೆ ಅದು ಹೆಚ್ಚು ಇಷ್ಟ. ತೊಂದರೆ ಏನೆಂದರೆ ನೀರು ಬೇಗ ಕೆಡಿಸುತ್ತದೆ, ಕೆಲವೇ ಗಂಟೆಗಳಲ್ಲಿ ಉಳಿದ ಚೂರು ತೆಗೆಯಬೇಕು.

ಆರ್ಟೀಮಿಯಾ ಮೊಟ್ಟೆ ಒಡೆಸುವಾಗ ಮಾತ್ರ ಜೋರು ಬೆಳಕು ಬೇಕು, ಸುಮಾರು 2000 ಲಕ್ಸ್. ಆ ಡಬ್ಬವನ್ನು ಮರಿಗಳ ಕೋಣೆಯಿಂದ ಹೊರಗಿಡಿ.

8. ಪೊರೆ ಕಾಯುವುದು

ಮೊದಲ ಹಂತದ ಮರಿ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಮೊದಲ ಪೊರೆ ಬಿಡುತ್ತದೆ. ದಿನಕ್ಕೊಮ್ಮೆ ನೋಡಿದರೆ ಯಾವ ದಿನ ಅಂತ ಗೊತ್ತಾಗುತ್ತದೆ, ಯಾವ ಹೊತ್ತಿಗೆ ಅಂತ ಗೊತ್ತಾಗುವುದಿಲ್ಲ. ಬೆಳಕಿನ ಪ್ರಭಾವ ಸ್ಪಷ್ಟವಾಗಿ ಕಾಣುವುದು ಹೊತ್ತಿನಲ್ಲೇ. ಬೆಳಕು-ಕತ್ತಲು ಸರಿಯಾಗಿ ನಡೆದ ಕಡೆ ಪೊರೆ ಬಿಡುವುದು ಮನಸ್ಸಿಗೆ ಬಂದ ಹೊತ್ತಿಗಲ್ಲ. ಹಲವು ಫಿಲ್ಲೋಸೋಮಾಗಳಲ್ಲಿ ಅದು ಕತ್ತಲು ಹೋಗಿ ಬೆಳಕು ಬರುವ ಹೊತ್ತಿನ ಸುತ್ತ ಗುಂಪಾಗುತ್ತದೆ.

ಹಾಗಾಗಿ ಐದನೆಯ ದಿನದಿಂದ ಮೂರು ಗಂಟೆಗೊಮ್ಮೆ ನೋಡಿ. ದೀಪ ಹತ್ತುವ ಎರಡು ಗಂಟೆ ಮೊದಲಿನಿಂದ ಎರಡು ಗಂಟೆ ನಂತರದವರೆಗೆ ಗಂಟೆಗೊಮ್ಮೆ. ಕತ್ತಲಲ್ಲಿ ನೋಡುವಾಗ ಮಂದ ಕೆಂಪು ಟಾರ್ಚ್ ಮಾತ್ರ, ಒಂದು ಲೋಟಕ್ಕೆ ಕೆಲವು ಕ್ಷಣ. ಇಂಥ ಸಮುದ್ರ ಜೀವಿಗಳ ಕಣ್ಣು ನೀಲಿ-ಹಸಿರಿಗೆ ಚುರುಕು, ಕೆಂಪಿಗೆ ಮೊಂಡು. ಫೋನ್ ಟಾರ್ಚ್ ಒಮ್ಮೆ ಹಾಕಿದರೂ ಆ ರಾತ್ರಿಯ ಕತ್ತಲು ಕೆಟ್ಟಂತೆ.

ಲೋಟದಲ್ಲಿ ಕಳಚಿದ ಪೊರೆಯೋ ಸತ್ತ ಮರಿಯೋ ಅಂತ ಗೊಂದಲವಾಗುತ್ತದೆ. ಎರಡೂ ಅದೇ ಆಕಾರ, ಎರಡಕ್ಕೂ ಕಾಲುಗಳಿವೆ. ಮೈಕ್ರೋಸ್ಕೋಪ್ ಕೆಳಗೆ ನೋಡಿ. ಪೊರೆ ಖಾಲಿ, ಒಳಗೆ ಕರುಳಿನ ಬಣ್ಣವೇ ಇರುವುದಿಲ್ಲ, ಕಣ್ಣಿನ ಜಾಗದಲ್ಲಿ ಕಪ್ಪು ಇರುವುದಿಲ್ಲ. ಸತ್ತ ಮರಿ ಹಾಲಿನಂತೆ ಬೆಳ್ಳಗಾಗುತ್ತದೆ, ಕಣ್ಣು ಕಪ್ಪಾಗಿಯೇ ಉಳಿಯುತ್ತದೆ. ಪೊರೆಯನ್ನು ಎಸೆಯಬೇಡಿ. ಲೋಟದ ಸಂಖ್ಯೆ ಬರೆದು ಮದ್ಯಸಾರದಲ್ಲಿ ಇಡಿ.

ಪೊರೆ ಬಿಡುವುದಕ್ಕೆ ಮೊದಲೇ ಸುಳಿವು ಸಿಗುತ್ತದೆ. ಈಜುವ ಕಾಲುಗಳ ತುದಿಯ ಕೂದಲುಗಳನ್ನು ಹತ್ತಿರದಿಂದ ನೋಡಿ. ಹಳೆಯ ಚಿಪ್ಪಿನೊಳಗೆ ಚರ್ಮ ಹಿಂದಕ್ಕೆ ಸರಿದು, ನಡುವೆ ಸಣ್ಣ ತೆರವು ಕಾಣುತ್ತದೆ, ಆಮೇಲೆ ಒಳಗೆ ಹೊಸ ಕೂದಲುಗಳ ಗೆರೆ. ಇದನ್ನು ಗುರುತಿಸಲು ಬಂದರೆ ರಾತ್ರಿಯೆಲ್ಲ ಕಾಯುವ ಲೋಟಗಳ ಸಂಖ್ಯೆ ಕಡಿಮೆಯಾಗುತ್ತದೆ.

ಈಗ ತಿರುಗುಮುರುಗು ಪೆಟ್ಟಿಗೆಯ ಕೆಲಸ. ಬೆಳಿಗ್ಗೆ ದೀಪ ಹತ್ತುವ ಪೆಟ್ಟಿಗೆಯಲ್ಲಿ ಪೊರೆಗಳು ಬೆಳಿಗ್ಗೆ ಸಿಕ್ಕವು ಅನ್ನೋಣ. ಅದು ಬೆಳಕಿನಿಂದಲೇ ಆಯಿತು ಅನ್ನುವುದು ಹೇಗೆ? ಬೆಳಿಗ್ಗೆಯೇ ಅಲ್ಲವೇ ನೀವು ಬರುವುದು, ನೀರು ಬದಲಿಸುವುದು, ಆಹಾರ ಹಾಕುವುದು, ಎಸಿ ಏರಿಳಿಯುವುದು. ತಿರುಗುಮುರುಗು ಪೆಟ್ಟಿಗೆಯಲ್ಲಿ ಪೊರೆಗಳು ಸಂಜೆಗೆ ಸರಿದರೆ ಅದು ಬೆಳಕಿನದೇ ಕೆಲಸ. ಅಲ್ಲೂ ಬೆಳಿಗ್ಗೆಯೇ ಸಿಕ್ಕರೆ, ಮರಿಗಳು ಲೆಕ್ಕ ಹಾಕುತ್ತಿರುವುದು ನಿಮ್ಮ ಡ್ಯೂಟಿಯನ್ನು, ದೀಪವನ್ನಲ್ಲ. ನೀರು ಬದಲಿಸುವ ಹೊತ್ತನ್ನು ಎಲ್ಲ ಪೆಟ್ಟಿಗೆಗೂ ಒಂದೇ ಇಟ್ಟು ದೀಪವನ್ನು ಮಾತ್ರ ತಿರುಗಿಸಿ, ಆಗಲೇ ಈ ಹೋಲಿಕೆಗೆ ಬೆಲೆ.

ಇಡೀ ದಿನ ಕತ್ತಲಿನ ಪೆಟ್ಟಿಗೆಯಲ್ಲಿ ಪೊರೆ ಬಿಡುವ ಹೊತ್ತು ಚದುರಿಹೋಗಬಹುದು. ಮೊದಲ ಪೊರೆಯಲ್ಲಿ ಒಟ್ಟಿಗಿದ್ದು, ಎರಡನೆಯ, ಮೂರನೆಯ ಪೊರೆಯಲ್ಲಿ ಚದುರಿದರೆ ತಾಯಿಯ ತೊಟ್ಟಿಯಿಂದ ತಂದ ಲಯ ಮೆಲ್ಲಗೆ ಮರೆಯಾಗುತ್ತಿದೆ ಅಂತ ಅರ್ಥ ಮಾಡಬಹುದು. ಅದಕ್ಕೇ ಒಂದು ಪೊರೆಗೆ ನಿಲ್ಲಿಸಬೇಡಿ.

ಹಳೆಯ ಪೊರೆಯಿಂದ ಅರ್ಧ ಹೊರಬಂದು ಸಿಕ್ಕಿಕೊಂಡು ಸಾಯುವ ಮರಿಗಳೂ ಇರುತ್ತವೆ. ಇದನ್ನು ಬೆಳಕಿನ ಮೇಲೆ ಹಾಕುವ ಮುನ್ನ ಆಹಾರ ನೋಡಿ. ಹೋಮರಸ್ ಎಳೆಯ ಲಾಬ್‌ಸ್ಟರ್‌ಗಳಲ್ಲಿ ಇಂಥ ಸಾವಿಗೆ ಆಹಾರದಲ್ಲಿ ಲೆಸಿಥಿನ್ ಅನ್ನುವ ಕೊಬ್ಬಿನಂಶದ ಕೊರತೆ ಕಾರಣ ಅಂತ ತೋರಿಸಿದ್ದಾರೆ.

9. ಬೆಳವಣಿಗೆ ಅಳೆಯುವುದು ಮತ್ತು ಲೆಕ್ಕ

ಮರಿಯನ್ನು ದಿನಾ ಎತ್ತಿ ಅಳೆಯಬೇಡಿ. ಇಟ್ಟ ಪೊರೆಗಳೇ ಸಾಕು. ಪೊರೆಯ ತಲೆಭಾಗದ ಅಗಲ ಅಳೆದರೆ ಆ ಹಂತದ ಗಾತ್ರ ಸಿಕ್ಕಿತು. ಕೊನೆಯ ಹಂತಕ್ಕೆ ಮಾತ್ರ ಮರಿಯನ್ನು ಒಂದು ಹನಿ ನೀರಿನಲ್ಲಿಟ್ಟು ಫೋಟೋ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಇಮೇಜ್‌ಜೆ ಅನ್ನುವ ಉಚಿತ ತಂತ್ರಾಂಶದಲ್ಲಿ ಅಳೆಯಬಹುದು.

ಎರಡು ಅಂಕಿ ಬೇಕು. ಎರಡು ಪೊರೆಗಳ ನಡುವೆ ಎಷ್ಟು ದಿನ, ಮತ್ತು ಒಂದು ಪೊರೆಗೆ ಗಾತ್ರ ಶೇಕಡಾ ಎಷ್ಟು ಹೆಚ್ಚಿತು. ಇವೆರಡನ್ನೂ ಸೇರಿಸಿ ನೋಡದಿದ್ದರೆ ಮೋಸ ಹೋಗುತ್ತೀರಿ. ಉದಾಹರಣೆಗೆ ಒಂದು ಮರಿ 6 ದಿನಕ್ಕೊಮ್ಮೆ ಪೊರೆ ಬಿಟ್ಟು ಪ್ರತಿ ಸಲ ಶೇಕಡಾ 20 ಬೆಳೆಯುತ್ತದೆ ಅನ್ನಿ. ಇನ್ನೊಂದು 8 ದಿನಕ್ಕೊಮ್ಮೆ, ಶೇಕಡಾ 30. ಮೊದಲನೆಯದೇ ಚುರುಕು ಅನ್ನಿಸುತ್ತದೆ, ಅಲ್ವಾ? 24 ದಿನ ಬಿಟ್ಟು ನೋಡಿ. 3 ಮಿಲಿಮೀಟರ್‌ನಿಂದ ಶುರುವಾದ ಮೊದಲನೆಯದು ನಾಲ್ಕು ಪೊರೆಗೆ 6.2 ಆಗಿರುತ್ತದೆ. ಎರಡನೆಯದು ಮೂರೇ ಪೊರೆಗೆ 6.6. "ಕತ್ತಲಲ್ಲಿ ಬೇಗ ಪೊರೆ ಬಿಟ್ಟವು" ಅನ್ನುವ ಮಾತು ಕೇಳಿದಾಗ ನಾನು ಮೊದಲು ಕೇಳುವುದು ಇದನ್ನೇ: ಬಿಟ್ಟವು ಸರಿ, ಬೆಳೆದವಾ?

ಸತ್ತ ಮರಿಗಳನ್ನು ಲೆಕ್ಕದಿಂದ ಬಿಡಬೇಡಿ. ಒಂದು ಪೆಟ್ಟಿಗೆಯಲ್ಲಿ ಹತ್ತರಲ್ಲಿ ಮೂರೇ ಉಳಿದರೆ, ಆ ಮೂರು ಗಟ್ಟಿಮುಟ್ಟಾದವು ಇರುತ್ತವೆ, ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಎಷ್ಟು ಉಳಿದವು, ಯಾವ ಹಂತದಲ್ಲಿ ಸತ್ತವು, ಪೊರೆ ಬಿಡುವಾಗಲೋ ಬೇರೆ ಹೊತ್ತಿನಲ್ಲೋ, ಇದು ಬೆಳವಣಿಗೆಯ ಪಟ್ಟಿಯ ಪಕ್ಕದಲ್ಲೇ ಇರಬೇಕು.

ಹ್ಯಾಚರಿಯವರಿಗೆ

ನಿಮಗೆ ಪ್ರಬಂಧ ಬರೆಯುವ ಕೆಲಸವಿಲ್ಲ, ಮರಿ ಉಳಿದರೆ ಸಾಕು. ತೊಟ್ಟಿಯ ಒಳಗೋಡೆ ಕಪ್ಪು ಮಾಡಿ. ಬೆಳಕು ಮೇಲಿನಿಂದ, ಹರಡಿದಂತೆ, 20 ಲಕ್ಸ್ ಆಸುಪಾಸಿನಿಂದ ಶುರು. ಮರಿಗಳು ಮೇಲ್ಮೈಯಲ್ಲೋ ಒಂದು ಮೂಲೆಯಲ್ಲೋ ಗುಂಪು ಕಟ್ಟಿದರೆ ಇನ್ನೂ ಕಡಿಮೆ ಮಾಡಿ. ದೀಪ ತಟ್ಟನೆ ಹತ್ತುವುದಕ್ಕಿಂತ ಮೊದಲು ಒಂದು ಮಂದ ದೀಪ, ಅರ್ಧ ಗಂಟೆ ಬಿಟ್ಟು ಇನ್ನೊಂದು, ಹೀಗೆ ಎರಡು ಟೈಮರ್ ಇಡಿ. ಆರುವಾಗಲೂ ಹಾಗೇ.

ಪೊರೆ ಬಿಡುವ ಹೊತ್ತು ನಿಮ್ಮ ತೊಟ್ಟಿಯಲ್ಲಿ ಯಾವುದು ಅಂತ ಒಂದು ವಾರ ನೋಡಿಟ್ಟುಕೊಳ್ಳಿ. ಹೊಸ ಪೊರೆಯ ಮರಿ ಮೆತ್ತಗಿರುತ್ತದೆ, ಪಕ್ಕದ ಮರಿಯ ಕಾಲು ತಗುಲಿದರೂ ಗಾಯವಾಗುತ್ತದೆ. ಆ ಹೊತ್ತಿಗೆ ನೀರು ಬದಲಿಸುವುದು, ಸೈಫನ್ ಹಾಕುವುದು, ಮರಿಗಳನ್ನು ಬೇರೆ ತೊಟ್ಟಿಗೆ ಸಾಗಿಸುವುದು ಯಾವುದೂ ಬೇಡ. ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮಧ್ಯಾಹ್ನವೇ ಪೊರೆ ಬಿಡುತ್ತಿವೆ ಅಂತಾದರೆ ಟೈಮರನ್ನು ದಿನಕ್ಕೆ ಒಂದು ಗಂಟೆಯಂತೆ ಸರಿಸುತ್ತಾ ಬನ್ನಿ. ಕೆಲಸಗಾರರ ಪಾಳಿ ಬದಲಿಸುವುದಕ್ಕಿಂತ ಇದು ಸುಲಭ.